ಬಟ್ಟಲಲ್ಲಿ ನೀರಿತ್ತು

ರಾಯಲ್ಪಾಡು ರಸ್ತೆಯ ತೋಟದಿಂದ,
19-7-2008, ಮಧ್ಯಾಹ್ನ

ಪ್ರೀತಿಯ ಭಾರತೀ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾಲೂರಿನ ಆ ಮನೆಗೆ ಮೆಟ್ಟಿಲು ಜಾಸ್ತಿ. ಒಂದೊಂದು ಸಾಮಾನಿಗೂ ನೀನೇ ಹತ್ತಿ ಇಳಿಯಬೇಡ, ಅಳಿಯಂದಿರಿಗೆ ಹೇಳು, ಅವರು ಬೇಜಾರು ಮಾಡಿಕೊಳ್ಳುವವರಲ್ಲ. ಗಂಗರತ್ನ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಹಾಲು ಕುಡಿದ ಮೇಲೆ ಮಗು ಬಿಕ್ಕಳಿಸುತ್ತೆ ಅಂದಿದ್ದಳು, ಅದು ನಿಂತಿತಾ? ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆಸದೆ ತಾಯಿಯೇ ಮಗಳ ಮನೆಗೆ ಹೋದಳಲ್ಲ ಎಂದು ಊರಿನವರು ಈಗಲೂ ನನ್ನನ್ನು ಹಿಡಿದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಸಾಕುವುದು ಎಳೆ ರೇಷ್ಮೆ ಹುಳು, ಅವು ಮೊಟ್ಟೆಯಿಂದ ಹೊರಬಂದು ಎರಡು ಸಲ ಪೊರೆ ಬಿಡುವ ಜ್ವರ ಕಳೆಯುವವರೆಗೂ ನಮ್ಮ ಕೈಯಲ್ಲೇ ಇದ್ದು ಆಮೇಲಷ್ಟೇ ರೈತರ ಮನೆಗೆ ಹೋಗಬೇಕು, ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ವಾಸನೆ ಅವಕ್ಕೆ ಸೋಕಬಾರದು ಎಂದು ಎಲ್ಲರಿಗೂ ಪಾಠ ಒಪ್ಪಿಸಿ ನನ್ನ ಬಾಯಿ ಸೋತಿದೆ. ನೀನು ಹೋಗಿ ಇವತ್ತಿಗೆ ಇಪ್ಪತ್ಮೂರು ದಿನ. ಇಲ್ಲಿ ಸಾರಿಗೆ ಉಪ್ಪು ಒಂದು ದಿನ ಇದ್ದರೆ ಒಂದು ದಿನ ಇಲ್ಲ, ಆದರೆ ನಾನು ಚೆನ್ನಾಗಿದ್ದೇನೆ ಎಂದೇ ಇಟ್ಟುಕೋ.

ಮನೆಯಲ್ಲಿ ಫೋನಿದ್ದರೂ ಈ ಮುದುಕ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನುಮಾನ ಬಂದೇ ಇರುತ್ತೆ. ನಮ್ಮ ಫೋನಿರುವುದು ಹಜಾರದಲ್ಲಿ, ಅದರ ಪಕ್ಕದಲ್ಲೇ ಕಂಪ್ಯೂಟರು, ಕಂಪ್ಯೂಟರಿನ ಮುಂದೆ ಸೊಸೆ ಸುನಂದ. ಮಾಲೂರಿನಲ್ಲಿ ಫೋನ್ ಎತ್ತುವವಳು ಗಂಗರತ್ನ. ನಾನು ಬರೆಯುವ ಮಾತು ಹಸಿ ಬಾಣಂತಿಯ ಕಿವಿಗೂ ಬೀಳಬಾರದು, ಸೊಸೆಯ ಕಿವಿಗೂ ಬೀಳಬಾರದು. ಮೊನ್ನೆ ಫೋನಿನಲ್ಲಿ ನಿನಗೆ ಒಂದೇ ಮಾತಿನಲ್ಲಿ, ಸ್ವಲ್ಪ ಇರುವೆ ಹತ್ತಿ ಹುಳು ಹೋದವು ಎಂದಷ್ಟೇ ಹೇಳಿದೆ. ನೀನು ಮಗುವಿನ ಗಲಾಟೆಯಲ್ಲಿ ಹೂಂ ಅಂದೆ. ಆ ಒಂದು ಮಾತಿನ ಹಿಂದೆ ಇರುವುದನ್ನೆಲ್ಲ ಇವತ್ತು ಬರೆದು ಮುಗಿಸದಿದ್ದರೆ ನನಗೆ ಅನ್ನ ಇಳಿಯುವ ಹಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನನಗೆ ತುಂಬ ಭಯವಾಗಿದೆ ಭಾರತೀ. ನಗಬೇಡ. ಬಾವಲಿ ಕಂಡರೂ ಹೆದರುತ್ತೀರಿ ಎಂದು ನೀನು ಆಡಿಕೊಳ್ಳುತ್ತೀಯಲ್ಲ, ಆ ಥರದ ಭಯ ಅಲ್ಲ ಇದು.

ಎಲ್ಲ ಶುರುವಾಗಿದ್ದು ಮುರಳಿಯ ವೈರ್‌ಲೆಸ್‌ನಿಂದ. ನೀನು ಹೊರಡುವಾಗ ಬರೀ ಮಾತಿನಲ್ಲಿತ್ತು, ನೀನು ಅತ್ತ ಹೋದದ್ದೇ ತಡ, ಇತ್ತ ಕೋಲಾರದಿಂದ ಡಬ್ಬಗಳು ಬಂದಿಳಿದವು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹುಳು ಮನೆಯ ಫ್ಯಾನು ನಿಂತು ಯಾರಿಗೂ ಗೊತ್ತಾಗದೆ ಅರ್ಧ ತಂಡ ಬೆಂದುಹೋಯಿತಲ್ಲ, ಅದು ನಿನ್ನ ಮಗನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಇಂಟರ್‌ನೆಟ್ಟು ಬರುವುದು ಟೆಲಿಫೋನ್ ತಂತಿಯಲ್ಲಿ, ಅದು ರಸ್ತೆ ಬದಿಯ ನಮ್ಮ ಮನೆಗೆ ಬಂದು ನಿಲ್ಲುತ್ತೆ. ಹುಳು ಮನೆ ಇರುವುದು ಮಾವಿನ ತೋಪು ದಾಟಿ, ಹಿಪ್ಪುನೇರಳೆ ಹೊಲ ದಾಟಿ, ಜಮೀನಿನ ಆ ಕೊನೆಗೆ. ಅರವತ್ತೆರಡು ಎಕರೆಗೂ ತಂತಿಯಿಲ್ಲದೆ ಇಂಟರ್‌ನೆಟ್ಟು ಹಾಯಿಸಿಬಿಟ್ಟರೆ ಹುಳು ಮನೆಯ ಶಾಖ ಎಷ್ಟು, ತೇವ ಎಷ್ಟು ಎಂದು ಹಜಾರದಲ್ಲಿ ಕೂತೇ ನೋಡಬಹುದು ಎಂದ. ಒಳ್ಳೆಯ ಮಾತೇ. ನಾನು ಬೇಡ ಅನ್ನಲಿಲ್ಲ. ನಾನು ಯಾವತ್ತು ಯಾರಿಗೆ ಬೇಡ ಅಂದಿದ್ದೇನೆ ಹೇಳು.

ಮೊದಲನೆಯ ಡಬ್ಬವನ್ನು ನಮ್ಮ ನೀರಿನ ಟ್ಯಾಂಕಿನ ಮೇಲೆ ಕೂರಿಸಿದರು. ಆಮೇಲೆ ಮುರಳಿ ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಹಿಡಿದು ತೋಪಿನೊಳಗೆ ನಡೆದ, ಬಿಸಿಲಿಗೆ ಪರದೆ ಕಾಣುವುದಿಲ್ಲ ಎಂದು ನಾನು ಹಿಂದೆಯೇ ಕೊಡೆ ಹಿಡಿದು ನಡೆದೆ. ನಮ್ಮಿಬ್ಬರನ್ನು ನೋಡಿ ತೋತಾಪುರಿ ಕೀಳುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ರಸಪೂರಿ ಸಾಲು ಮುಗಿಯುವವರೆಗೂ ಅದೇನೋ ಗೀಟು ತೋರಿಸುತ್ತಿತ್ತು, ಜೋಡಿ ನೀಲಂ ಮರದ ಹತ್ತಿರ ಬಂದರೆ ಸತ್ತೇಹೋಗುತ್ತಿತ್ತು. ಎಲೆ ಅಡ್ಡ ಬರುತ್ತೆ, ಅದರಲ್ಲೂ ನೆನೆದ ಎಲೆ ಅಂದರೆ ಗೋಡೆಯೇ ಎಂದು ಕೋಲಾರದ ಫಿಟ್ಟರು ಹೇಳಿದ. ಮರಕ್ಕಿಂತ ಎತ್ತರ ಹೋಗಬೇಕಂತೆ. ಆಗ ನಿನ್ನ ಮಗ, ಬತ್ತಿಹೋದ ಹಳೆಯ ಬೋರ್‌ವೆಲ್ಲಿನಿಂದ ಎತ್ತಿ ಹಾಕಿದ್ದ ಕಬ್ಬಿಣದ ಪೈಪುಗಳನ್ನು ಒಂದಕ್ಕೊಂದು ತಿರುಚಿ ನಲವತ್ತು ಅಡಿ ಕಂಬ ಮಾಡಿ ಪಂಪ್‌ಹೌಸಿನ ಪಕ್ಕ ನಿಲ್ಲಿಸಿದ. ಆ ಪೈಪಿನಲ್ಲಿ ನೀರು ಬರಲಿಲ್ಲ, ಇದಾದರೂ ಬರಲಿ ಎಂದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಕಂಬದ ತುದಿಗೆ ಡಬ್ಬ ಕಟ್ಟಲು ಅವನೇ ಏಣಿ ಹತ್ತಿದಾಗ ಬುಡದಲ್ಲಿ ಏಣಿ ಹಿಡಿದು ನಿಂತವನು ನಾನು, ಕೆಳಗೆ ಬರುವವರೆಗೂ ತಲೆ ಎತ್ತಿ ನೋಡಲಿಲ್ಲ.

ಆಷಾಢದ ಗಾಳಿ ನಿನಗೆ ಗೊತ್ತಲ್ಲ. ಕಂಬಕ್ಕೆ ನಾಲ್ಕು ಕಡೆಯಿಂದ ಬಿಗಿತಂತಿ ಎಳೆದು ಮಾವಿನ ಮರಗಳಿಗೇ ಕಟ್ಟಿದ್ದರು. ಗಾಳಿಗೆ ಮರ ತೂಗಿದರೆ ಕಂಬವೂ ತೂಗುತ್ತಿತ್ತು, ಪೈಪಿನ ಬಾಯಲ್ಲಿ ಗಾಳಿ ಹೊಕ್ಕು ಹೂಂಯ್ ಎಂದು ಒಂದೇ ಸಮ ಊಳಿಡುತ್ತಿತ್ತು. ಸಿಡಿಲು ಹೊಡೆದರೆ ಏನು ಗತಿ, ಬಿದ್ದರೆ ಯಾರ ತಲೆ ಮೇಲೆ ಎಂದು ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಡಬ್ಬ ಒಂದು ಗೇಣು ಅಲ್ಲಾಡಿದರೂ ಹುಳು ಮನೆಯ ಕಡೆಗೆ ಗುರಿ ತಪ್ಪಿ ಎಲ್ಲ ನಿಂತುಹೋಗುತ್ತಿತ್ತು. ಫಿಟ್ಟರು ಎರಡು ಸಲ ಬಂದು ತಲೆ ಕೆರೆದುಕೊಂಡು ಹೋದ. ಕೊನೆಗೆ ಸರಿ ಮಾಡಿದ್ದು ಯಾರು ಗೊತ್ತಾ? ಹುಳು ಮನೆ ನೋಡಿಕೊಳ್ಳುವ ನಮ್ಮ ಮುನಿಶಾಮಮ್ಮ. ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದವಳು ನಿಂತು ನೋಡಿ, "ಮರಕ್ಕೆ ಕಟ್ಟಿದ್ರೆ ಮರ ಆಡ್ತದೆ ಮುರಳಪ್ಪಾ, ಬಂಡೆಗೆ ಕಟ್ಟು, ಬಂಡೆ ಎಲ್ಲಿಗೋಗ್ತದೆ?" ಅಂದಳು. ತೋಪಿನ ತುಂಬ ಬಂಡೆ ಇಟ್ಟುಕೊಂಡು ನಾವು ಮರಕ್ಕೆ ಕಟ್ಟಿದ್ದೆವು. ಅವತ್ತೇ ಬಂಡೆಗೆ ಮೊಳೆ ಹೊಡೆದು ತಂತಿ ಬಿಗಿದರು. ಆಮೇಲೆ ಒಂದು ದಿನವೂ ನಿಂತಿಲ್ಲ. ಜಮೀನಿನ ಯಾವ ಮೂಲೆಯಲ್ಲಿ ನಿಂತರೂ ಬರುತ್ತೆ ಎಂದು ಮುರಳಿ ಲ್ಯಾಪ್‌ಟಾಪ್ ಹಿಡಿದು ಎಲ್ಲೆಯ ಹದ್ದಿನ ಕಲ್ಲಿನವರೆಗೂ ಹೋಗಿ ಬಂದ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶಾಖ, ತೇವ ಅಳೆಯುವ ಪುಟ್ಟ ಯಂತ್ರವೊಂದನ್ನು ಹುಳು ಮನೆಯ ಗೋಡೆಗೆ ಕೂರಿಸಿದರು. ಎಲ್ಲ ವೈರ್‌ಲೆಸ್ ಅಂದರೂ ಆ ಯಂತ್ರದಿಂದ ಮಾತ್ರ ಎರಡು ಮಾರುದ್ದದ ಸಣ್ಣ ಕರಿ ತಂತಿ, ಅದರ ತುದಿಯಲ್ಲಿ ಅವರೆಕಾಳಿನಷ್ಟು ಗುಂಡು. ಆ ಗುಂಡೇ ಅಳೆಯುವುದಂತೆ. ತಂತಿಯನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ತೇವ ಸ್ವಲ್ಪ ಕಡಿಮೆಯಾದರೆ ಸಾಕು, ಇಲ್ಲಿ ಹಜಾರದಲ್ಲಿ ಕಂಪ್ಯೂಟರು ಕುಂಯ್ ಕುಂಯ್ ಎಂದು ಕೂಗಲು ಶುರು. ಊಟಕ್ಕೆ ಕೂತರೂ ಕಿವಿ ಅಲ್ಲೇ, ಪೂಜೆಗೆ ಕೂತರೂ ಕಿವಿ ಅಲ್ಲೇ. ಸುನಂದಳಿಗೆ ಹೆದರಿಕೆಯಿಲ್ಲ, ಓದಿದ ಹುಡುಗಿ, ಎದ್ದು ಹೋಗಿ ನೋಡಿ ಬರೆದಿಟ್ಟುಕೊಳ್ಳುತ್ತಾಳೆ. ಅವಳನ್ನು ನಾನು ದೂರುವುದಿಲ್ಲ. ಮನೆ ನಡೆಯುತ್ತಿರುವುದೇ ಅವಳಿಂದ. ಆದರೆ ಅವಳು ಕಣ್ಣಿಗೆ ಕಣ್ಣಿಟ್ಟು ಏನಾದರೂ ಕೇಳಿದರೆ ನನಗೆ ನಾಲಗೆ ಒಣಗುತ್ತೆ, ಇದು ನಿನಗೂ ಗೊತ್ತಿರುವ ವಿಷಯವೇ.

ಮಂಗಳವಾರ ಮುರಳಿ ಕೋಲಾರಕ್ಕೆ ಹೋಗಿದ್ದ. ಹುಳು ಮೊದಲನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದವು. ಬೆಳಿಗ್ಗೆ ಹತ್ತಕ್ಕೆ ಸೊಪ್ಪು ಹಾಕಿ, ಒದ್ದೆ ಫೋಮಿನ ಪಟ್ಟಿ ಇಟ್ಟು, ಮೇಣದ ಕಾಗದ ಮುಚ್ಚಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಮತ್ತೆ ಸಂಜೆ ಐದಕ್ಕೇ ತೆರೆಯುವುದು. ಮುನಿಶಾಮಮ್ಮ ಬೀಗ ಹಾಕಿ ಊಟಕ್ಕೆ ಹೋಗಿದ್ದಳು. ಹನ್ನೆರಡೂವರೆಗೆ ಕಂಪ್ಯೂಟರು ಕೂಗಿತು. ಸುನಂದ ಮೊಟ್ಟೆಯ ಲೆಕ್ಕದಲ್ಲಿ ಮುಳುಗಿದ್ದಳು, "ಮಾವ, ಒಂದು ಸಲ ಹೋಗಿ ನೋಡ್ಕೊಂಡು ಬರ್ತೀರಾ?" ಅಂದಳು. ನನ್ನ ಹತ್ತಿರದ ಬೀಗದ ಕೈ ತಗೊಂಡು ಅಷ್ಟು ದೂರ ಗಾಳಿಯಲ್ಲಿ ನಡೆದೆ. ಹುಳು ಮನೆ ತಣ್ಣಗೆ ಚೆನ್ನಾಗಿಯೇ ಇತ್ತು. ಬಿಸಿಲು ಬಿದ್ದು ಗೋಡೆ ಮಾತ್ರ ಬೆಚ್ಚಗಾಗಿತ್ತು, ಗುಂಡು ಗೋಡೆಗೆ ತಗುಲಿಕೊಂಡಿತ್ತು, ಅದಕ್ಕೇ ಸುಳ್ಳು ಸುಳ್ಳು ಕೂಗು. ವಾಪಸು ಬಂದೆ, ಕಾಲು ತೊಳೆಯುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಹೋದೆ. ಎರಡನೆಯ ಸಲ ನನಗೆ ಸಿಟ್ಟೂ ಬಂತು, ಇನ್ನು ಸಂಜೆಯವರೆಗೂ ಇದೇ ಕಥೆಯಾದರೆ ಏನು ಮಾಡಲಿ ಎಂಬ ಹೆದರಿಕೆಯೂ ಬಂತು. ಗೋಡೆಯ ಮೊಳೆಯಿಂದ ತಂತಿ ಬಿಚ್ಚಿದೆ. ಹುಳುವಿನ ಸ್ಟ್ಯಾಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ತಂತಿಯನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಕಟ್ಟಿ, ತುದಿಯ ಗುಂಡನ್ನು ತಟ್ಟೆಗಳ ನಡುವೆ ಒದ್ದೆ ಫೋಮಿನ ಪಕ್ಕ ತೂರಿಸಿದೆ. ಆಮೇಲೆ ಕಂಪ್ಯೂಟರು ಕೂಗಲೇ ಇಲ್ಲ. ನಾನು ದೊಡ್ಡ ಇಂಜಿನಿಯರನ ಹಾಗೆ ಮನೆಗೆ ಬಂದು ಊಟ ಮಾಡಿ ಮಲಗಿದೆ.

ನಿನಗೆ ಈಗಾಗಲೇ ಗೊತ್ತಾಗಿರುತ್ತೆ. ನನಗೆ ಮಾತ್ರ ಗೊತ್ತಾಗಲಿಲ್ಲ, ಇಪ್ಪತ್ತೈದು ವರ್ಷ ಹುಳುವಿನ ಅನ್ನ ತಿಂದವನಿಗೆ. ಸ್ಟ್ಯಾಂಡಿನ ನಾಲ್ಕು ಕಾಲಿನ ಕೆಳಗೂ ನೀರಿನ ಬಟ್ಟಲು ಯಾಕಿಡುತ್ತೇವೆ? ಇರುವೆ ನೀರು ದಾಟಿ ಹತ್ತಬಾರದು ಎಂದು. ಸ್ಟ್ಯಾಂಡು ಗೋಡೆಗೆ ತಾಗಬಾರದು, ಒಂದು ಪೊರಕೆ ಕಡ್ಡಿಯೂ ಒರಗಬಾರದು ಎಂದು ನೀನು ಬಂದವರಿಗೆಲ್ಲ ಹೇಳುತ್ತೀಯ. ನಾನು ಗೋಡೆಯಿಂದ ಸ್ಟ್ಯಾಂಡಿಗೆ ಸೀದಾ ಒಂದು ದಾರಿಯನ್ನೇ ಕಟ್ಟಿಕೊಟ್ಟು ಬಂದಿದ್ದೆ. ಐದು ಗಂಟೆಗೆ ಮುನಿಶಾಮಮ್ಮ ಕಿರುಚಿದ್ದು ತೋಪಿನವರೆಗೂ ಕೇಳಿಸಿತು. ನಾನು ಓಡಿದೆ, ಹಿಂದೆ ಸುನಂದಳೂ ಓಡಿ ಬಂದಳು. ಕಾಗದ ತೆಗೆದರೆ ತಟ್ಟೆಯಲ್ಲಿ ಹುಳುವಿಗಿಂತ ಇರುವೆಯೇ ಹೆಚ್ಚು. ಮುನಿಶಾಮಮ್ಮ ಬರಿಗೈಯಲ್ಲಿ ಇರುವೆ ಒರೆಸುತ್ತಿದ್ದಳು, ಮೊಣಕೈವರೆಗೂ ಕಚ್ಚಿದ್ದವು, ಬಾಯಲ್ಲಿ "ಅಯ್ಯೋ ದೇವುಡಾ, ಅಯ್ಯೋ ದೇವುಡಾ" ಅನ್ನುವುದೊಂದೇ. ಎಂಟು ತಟ್ಟೆ ಪೂರ್ತಿ ಹೋಯಿತು. ಮನೆ ತೊಳೆದು ಸುಣ್ಣ ಬಳಿದು ಹುಳುವಿಗೆ ಕಾದು ಕೂತಿದ್ದ ರಾಯಲ್ಪಾಡಿನ ಕದಿರಮ್ಮನಿಗೆ ಸೇರಬೇಕಾದ ಹುಳು ಅವು.

ಈಗ ಬರೆಯುವುದು ಇನ್ನೂ ಕಷ್ಟದ್ದು. ಅವರಿಬ್ಬರೂ ತಟ್ಟೆಗಳನ್ನು ಅಂಗಳಕ್ಕೆ ಸಾಗಿಸುತ್ತಿದ್ದಾಗ ನಾನು ಸ್ಟ್ಯಾಂಡಿನ ಹಿಂದೆ ಬಗ್ಗಿ ನೋಡಿದೆ. ತಂತಿಯ ಮೇಲೆ ಇರುವೆ ಸಾಲುಗಟ್ಟಿ ಹೋಗುತ್ತಿದ್ದವು. ನನಗೆ ಎಲ್ಲ ಅರ್ಥವಾಯಿತು. ಅರ್ಥವಾದ ಕೂಡಲೇ ನಾನು ಮಾಡಿದ್ದೇನು ಗೊತ್ತಾ? ಕೂಗಿ ಹೇಳಲಿಲ್ಲ. ತಂತಿಯನ್ನು ಎಳೆದು, ಹೆಗಲ ಟವೆಲಿನಲ್ಲಿ ಒರೆಸಿ, ಮೊದಲಿನ ಮೊಳೆಗೆ ಸುತ್ತಿ ಹಾಕಿಬಿಟ್ಟೆ. ಆ ಕೈ ನನ್ನದೇನಾ ಎಂದು ಈಗಲೂ ಅನುಮಾನ. ಆಮೇಲೆ ಸ್ಟ್ಯಾಂಡನ್ನು ಪಕ್ಕಕ್ಕೆ ಎಳೆಯುವಾಗ ಬಟ್ಟಲುಗಳೆಲ್ಲ ಮಗುಚಿ ಬಿದ್ದವು. ಸುನಂದ ಒಳಗೆ ಬಂದು ನೋಡಿದರೆ ಬಟ್ಟಲು ಖಾಲಿ, ತಂಪಿಗೆಂದು ನೀರು ಚಿಮುಕಿಸಿದ ನೆಲ ಮೊದಲೇ ಒದ್ದೆ, ಚೆಲ್ಲಿದ ನೀರು ತಿಳಿಯುವ ಹಾಗಿರಲಿಲ್ಲ. "ಬಟ್ಟಲಿಗೆ ನೀರು ಹಾಕಿರಲಿಲ್ವಾ?" ಅಂದಳು. ಮುನಿಶಾಮಮ್ಮ, "ಹುಯ್ದಿದ್ದೆ ತಾಯೀ, ಬೆಳಿಗ್ಗೇನೇ ನಾಕಕ್ಕೂ ಹುಯ್ದಿದ್ದೀನಿ" ಅಂದಳು. ಸುನಂದ ನನ್ನ ಕಡೆ ತಿರುಗಿದಳು. "ಮಾವ, ಮಧ್ಯಾಹ್ನ ನೀವು ಬಂದಿದ್ರಲ್ಲ, ನೀರಿತ್ತಾ?" ಎಂದು ಕೇಳಿದಳು.

ಇತ್ತು ಭಾರತೀ. ಕುಕ್ಕರುಗಾಲಲ್ಲಿ ಕೂತು ತಂತಿ ಕಟ್ಟುವಾಗ ನನ್ನ ಪಂಚೆಯ ಅಂಚು ಬಟ್ಟಲಿಗೆ ಬಿದ್ದು ನೆನೆದಿತ್ತು, ಹಿಂಡಿಕೊಂಡು ಎದ್ದಿದ್ದೆ. ನೀರಿತ್ತು ಅಂದರೆ ಮತ್ತೆ ಇರುವೆ ಹೇಗೆ ಬಂತು ಎಂದು ಕೇಳುತ್ತಾಳೆ, ಆಗ ತಂತಿಯ ಮಾತು ಬರುತ್ತೆ. "ನಾನು ಗಮನಿಸಲಿಲ್ಲಮ್ಮ" ಅಂದುಬಿಟ್ಟೆ. ಮುನಿಶಾಮಮ್ಮ ಖಾಲಿ ಬಟ್ಟಲು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಸುನಂದ ಅವಳ ಹತ್ತಿರ ಕೆಟ್ಟದಾಗಿ ಮಾತಾಡಲಿಲ್ಲ, "ವಯಸ್ಸಾಯ್ತು, ನಾಳೆಯಿಂದ ಸೊಪ್ಪು ಬಿಡಿಸೋಕೆ ಬನ್ನಿ, ಹುಳು ಮನೆ ಬೇಡ" ಎಂದಳು ಅಷ್ಟೇ. ನೀನೂ ಮುನಿಶಾಮಮ್ಮನೂ ಒಂದೇ ಒಂದು ಸ್ಟ್ಯಾಂಡಿನಿಂದ ಶುರು ಮಾಡಿದ ಹುಳು ಮನೆ ಅದು. ನಿನ್ನ ಬಾಣಂತನದಲ್ಲೂ ಅದರ ಬಾಗಿಲು ತೆಗೆದವಳು ಅವಳೇ. ಸೆರಗಿನ ತುದಿಯ ಗಂಟು ಬಿಚ್ಚಿ ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಹಿಪ್ಪುನೇರಳೆ ಸಾಲಿನಲ್ಲಿ ನಡೆದು ಹೋದಳು. ನಾನು ನೋಡುತ್ತಾ ನಿಂತಿದ್ದೆ.

ಬುಧವಾರ ಅವಳು ಬರಲಿಲ್ಲ. ಗುರುವಾರ ಹೋಗಿ ನೋಡಿದರೆ ಮನೆಗೆ ಬೀಗ. ಪಕ್ಕದವರಿಗೆ ಹೇಳಿ ಹೋಗಿಲ್ಲ, ಕೋಳಿಗಳನ್ನು ಮಾತ್ರ ಅವರ ಅಂಗಳಕ್ಕೆ ಬಿಟ್ಟಿದ್ದಾಳೆ. ವಾಪಸು ಬರುವವಳು ಕೋಳಿಯನ್ನು ಹಾಗೆ ಬಿಡುತ್ತಾಳಾ, ಬರದೇ ಇರುವವಳು ಬಿಡುತ್ತಾಳಾ, ನೀನೇ ಹೇಳು. ನಿನ್ನೆ ಬೆಳಿಗ್ಗೆ ನಾನು ಕೆರೆಯಂಚಿನ ನಮ್ಮ ಹಳೇ ಬಾವಿಗೆ ಹೋಗಿ ಬಗ್ಗಿ ನೋಡಿ ಬಂದೆ. ಇವತ್ತೂ ಹೋಗಿದ್ದೆ. ನೀರು ಹಸಿರಾಗಿ ಸುಮ್ಮನೆ ಇತ್ತು. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ ಎಂದು ಮಾವಿನ ಮಂಡಿಯವರೊಬ್ಬರು ಹೇಳಿದರು, ಇನ್ನೊಬ್ಬರು ಅದು ಅವಳಲ್ಲ ಅಂದರು. ಮುರಳಿಯೂ ಹುಡುಕುತ್ತಿದ್ದಾನೆ. ಸುನಂದಳ ಮುಖವೂ ಸಣ್ಣಗಾಗಿದೆ, ತಾನು ಆ ಮಾತು ಆಡಬಾರದಿತ್ತು ಎಂದು ಎರಡು ಸಲ ಅಂದಳು. ಮೂವರಲ್ಲಿ ನಿಜ ಗೊತ್ತಿರುವವನು ನಾನೊಬ್ಬನೇ, ಬಾಯಿ ಮುಚ್ಚಿ ಕೂತಿರುವವನೂ ನಾನೊಬ್ಬನೇ. ಹಜಾರದಲ್ಲಿ ಕಂಪ್ಯೂಟರು ಕುಂಯ್ ಎಂದರೆ ಅದು ನನ್ನನ್ನೇ ಹೆಸರು ಹಿಡಿದು ಕೂಗಿದ ಹಾಗೆ ಅನ್ನಿಸುತ್ತೆ.

ಅದಕ್ಕೇ ನಿನ್ನಲ್ಲಿ ಒಂದು ಬೇಡಿಕೆ. ನೀನು ಮುಂದಿನ ತಿಂಗಳು ಬರುತ್ತೀಯಲ್ಲ, ಅಷ್ಟರಲ್ಲಿ ಅವಳು ಸಿಕ್ಕೇ ಸಿಗುತ್ತಾಳೆ, ದೇವರು ಅಷ್ಟು ಮಾಡಲಿ. ಬಂದವಳು ನೀನೇ ಅವಳನ್ನು ಕರೆದು, ನನಗೆ ನೀನಿಲ್ಲದೆ ಆಗುವುದಿಲ್ಲ, ಆದದ್ದಾಯಿತು ಎಂದು ಹೇಳಿ ಬೀಗದ ಕೈ ಕೊಟ್ಟುಬಿಡು. ನಿನ್ನ ಮಾತಿಗೆ ಈ ಮನೆಯಲ್ಲಿ ಎದುರಾಡುವವರಿಲ್ಲ. ತಂತಿಯ ವಿಷಯ ನಿನ್ನಲ್ಲೇ ಇರಲಿ. ಮಗನಿಗೆ ತಿಳಿದರೆ ಅಪ್ಪ ಇಷ್ಟೇನಾ ಅನ್ನುತ್ತಾನೆ. ಸೊಸೆಯ ಮುಂದೆ ಮತ್ತೆ ನಾನು ತಲೆ ಎತ್ತುವುದು ಹೇಗೆ? ಅರವತ್ತಮೂರಕ್ಕೆ ಬಂದವನು ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಬೇಕಾದ ಧೈರ್ಯ ನನ್ನಲ್ಲಿಲ್ಲ. ಇದ್ದಿದ್ದರೆ ಅವತ್ತೇ ಹೇಳುತ್ತಿರಲಿಲ್ಲವಾ? ಓದಿ ಒಲೆಗೆ ಹಾಕು.

ಉಳಿದ ಹುಳು ಎರಡನೇ ಜ್ವರಕ್ಕೆ ಕೂತಿವೆ, ಚೆನ್ನಾಗಿವೆ. ದಿನಕ್ಕೆ ಮೂರು ಸಲ ನಾನೇ ಹೋಗಿ ಬಟ್ಟಲಿಗೆ ನೀರು ಹಾಕಿ ಬರುತ್ತಿದ್ದೇನೆ. ಗಂಗರತ್ನಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ಹೇಳು. ಮೊಮ್ಮಗನ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು. ಸ್ವೆಟರ್ ಹಾಕದೆ ಅಂಗಳಕ್ಕೆ ಬರಬೇಡ, ಮಾಲೂರಿನಲ್ಲೂ ಗಾಳಿ ಜಾಸ್ತಿ ಅಂತೆ.

ನಿನ್ನ,
ಕೋದಂಡರಾಮಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿನ್ನ ಫೋನು ಬಂತು. ಮುನಿಶಾಮಮ್ಮ ಅಲ್ಲಿಗೇ ಬಂದಿದ್ದಾಳೆ ಅಂದೆಯಲ್ಲ, ನಾನು ನಿಂತಲ್ಲೇ ದೇವರಿಗೆ ಕೈ ಮುಗಿದೆ. ಕೋಲಾರದ ತಂಗಿಯ ಮನೆಯಲ್ಲಿದ್ದು, ಬಾಣಂತಿಗೆಂದು ಹರಳೆಣ್ಣೆ ಕಾಯಿಸಿಕೊಂಡು, ಮೊಮ್ಮಗನನ್ನು ನೋಡಲು ಬಂದಿದ್ದಾಳೆ! ನಾನಿಲ್ಲಿ ಬಾವಿ ನೋಡುತ್ತಿದ್ದೆ. ಆಮೇಲೆ ನೀನು ದನಿ ತಗ್ಗಿಸಿ ಹೇಳಿದ್ದನ್ನು ಕೇಳಿ ಆ ಸಂತೋಷ ಅಲ್ಲೇ ನಿಂತುಹೋಯಿತು. "ನಂಗೆ ತಲೆ ಕೆಟ್ಟೋಯ್ತು ಅಕ್ಕಯ್ಯ. ಬಟ್ಟಲಿಗೆ ನೀರು ಹುಯ್ದಿದ್ದು ಕಣ್ಣಿಗೆ ಕಟ್ಟಿದಂಗೆ ಕಾಣ್ತದೆ, ಆದ್ರೆ ಹುಯ್ದೇ ಇಲ್ವಂತೆ" ಅಂದಳಂತೆ. ಗಂಗರತ್ನ ಮಗುವನ್ನು ಮಡಿಲಿಗೆ ಕೊಡಲು ಹೋದರೆ, ಎಲ್ಲಾದರೂ ಮರೆತು ಕೈ ಬಿಟ್ಟುಬಿಡ್ತೀನಿ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಎಂದು ಮುಟ್ಟಲೇ ಇಲ್ಲವಂತೆ. ನಮ್ಮ ಮಕ್ಕಳಿಬ್ಬರನ್ನೂ ನೀರೆರೆದು ಬೆಳೆಸಿದ ಕೈ ಅದು. ಅವಳು ನನ್ನನ್ನು ನಂಬಿ ತನ್ನ ಕಣ್ಣನ್ನೇ ನಂಬದೆ ಹೋದಳಲ್ಲ.

ಮುಂದೆ ಕೇಳಲಾರದೆ ಫೋನು ಇಟ್ಟುಬಿಟ್ಟೆ. ಆಮೇಲೆ ಹಜಾರದಲ್ಲಿ ನಿಂತುಕೊಂಡೇ ಮುರಳಿಗೂ ಸುನಂದಳಿಗೂ ಎಲ್ಲ ಹೇಳಿದೆ. ತಂತಿ ಕಟ್ಟಿದ್ದು, ಒರೆಸಿದ್ದು, ಸುಳ್ಳು ಹೇಳಿದ್ದು. ಮುರಳಿ ಜೀಪು ತೆಗೆಯಲು ಎದ್ದ. ಸುನಂದ, "ಅವತ್ತು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮಾವ" ಅಂದಳು, ಅಂದವಳು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. ಇಬ್ಬರೂ ಈಗಲೇ ಜೀಪಿನಲ್ಲಿ ಮಾಲೂರಿಗೆ ಹೊರಟಿದ್ದಾರೆ, ಈ ಕಾಗದವನ್ನೂ ಆ ಬೀಗದ ಕೈಯನ್ನೂ ಅವರ ಹತ್ತಿರವೇ ಕೊಡುತ್ತಿದ್ದೇನೆ. ನಾನು ಬರದೆ ಇರುವುದು ಹೆದರಿ ಅಲ್ಲ, ಹುಳು ಜ್ವರದಲ್ಲಿವೆ, ಬಟ್ಟಲು ನೋಡಲು ಇಲ್ಲಿ ಒಬ್ಬರಾದರೂ ಇರಬೇಕು. ಮೇಲೆ ನಾನು ಬರೆದ ಉಪಾಯವನ್ನೆಲ್ಲ ಹೊಡೆದು ಹಾಕು, ಕಾಗದವನ್ನು ಒಲೆಗೂ ಹಾಕಬೇಡ. ಅವಳಿಗೆ ಓದು ಬರುವುದಿಲ್ಲ, ನೀನೇ ಎದುರಿಗೆ ಕೂರಿಸಿಕೊಂಡು ಜೋರಾಗಿ ಓದು, ನನಗೆ ಅವಮಾನ ಎಂದು ಯಾವ ಸಾಲನ್ನೂ ನುಂಗಬೇಡ. ಕೊನೆಯದನ್ನು ಮಾತ್ರ ಎರಡು ಸಲ ಓದು, ಅದು ಅವಳಿಗೇ ಬರೆದದ್ದು:

ಮುನಿಶಾಮಮ್ಮಾ, ಬಟ್ಟಲಲ್ಲಿ ನೀರಿತ್ತು. ನಾಲ್ಕಕ್ಕೂ ಇತ್ತು, ನನ್ನ ಪಂಚೆ ನೆನೆದಿತ್ತು. ಮಗುವನ್ನು ಎತ್ತಿಕೋ.